ಅಗಲುವ ಮುನ್ನದ ಗಂಟು: ಕೋಶವಿಭಜನೆಯ ಮೊದಲ ಹಂತ



ಜೀವವಿಜ್ಞಾನದ ಒಂದು ವಿಷಯವನ್ನು ಆ ಶಾಸ್ತ್ರ ಓದದವರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡದ್ದು ಕೋಶವಿಭಜನೆಯ ಮೊದಲ ಹಂತ, ಅಂದರೆ ಪೂರ್ವಾವಸ್ಥೆ. ತರಗತಿಯಲ್ಲಿ ಎಲ್ಲರ ಬಾಯಲ್ಲೂ ಅದು ಪ್ರೊಫೇಸ್. ದೇಹ ಬೆಳೆಯಲು, ಗಾಯ ಮಾಯಲು ನಡೆಯುವ ಮೈಟಾಸಿಸ್‌ನಲ್ಲೂ ಅದಿದೆ. ಅಂಡಾಣು, ವೀರ್ಯಾಣು, ಪರಾಗ ಹುಟ್ಟುವ ಮಿಯಾಸಿಸ್‌ನಲ್ಲೂ ಇದೆ.

ನಾನು ಹೇಳಹೊರಟಿರುವುದು ಒಂದೇ ಮಾತು. ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು, ಸರಿಯಾಗಿ ಅಗಲಬೇಕಾದರೆ ಅದಕ್ಕೂ ಮೊದಲು ಅವು ಸರಿಯಾಗಿ ಕಟ್ಟಿಕೊಂಡಿರಬೇಕು. ಕಟ್ಟುಗಳನ್ನು ಹಾಕುವುದು, ಬೇಡದ್ದನ್ನು ಬಿಚ್ಚುವುದು, ಬೇಕಾದ್ದನ್ನು ಕಾಯುವುದು, ಈ ಕೆಲಸದ ಹೆಚ್ಚಿನ ಭಾಗ ಪೂರ್ವಾವಸ್ಥೆಯಲ್ಲೇ ಮುಗಿಯುತ್ತದೆ. ಗಂಟು ಬೀಳದಿದ್ದರೆ ಏನಾಗುತ್ತದೆ, ಬಿದ್ದ ಗಂಟು ಸಡಿಲವಾದರೆ ಏನಾಗುತ್ತದೆ ಎಂಬುದನ್ನೂ ನೋಡೋಣ.

1. ಈರುಳ್ಳಿ ಬೇರಿನ ತುದಿಯಲ್ಲಿ

ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿ ಗಡ್ಡೆಯ ಬುಡ ತಾಗುವ ಹಾಗೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಅವುಗಳ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಹಾಕಿದರೆ ಕೋಶಗಳು ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತವೆ. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆದುಗೊಳಿಸಬೇಕು. ತುದಿಯ ಒಂದೆರಡು ಮಿಲಿಮೀಟರ್ ಭಾಗವನ್ನಷ್ಟೇ ಸ್ಲೈಡಿನ ಮೇಲಿಟ್ಟು, ಅಸಿಟೋಕಾರ್ಮಿನ್ ಬಣ್ಣದ ಹನಿ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಕಾಗದ ಹೊದಿಸಿ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಬೇಕು. ಒತ್ತುವಾಗ ಕವರ್‌ಸ್ಲಿಪ್ ಅಡ್ಡ ಜಾರಿತೋ, ಕೋಶಗಳೆಲ್ಲ ಒಂದರ ಮೇಲೊಂದು ಹೊರಳಿ ಸ್ಲೈಡು ಕೆಟ್ಟಂತೆಯೇ.

ಸ್ಲೈಡು ಚೆನ್ನಾಗಿ ಬಂದರೆ ಸೂಕ್ಷ್ಮದರ್ಶಕದಡಿ ಸಾಲುಸಾಲು ಕೋಶಗಳು ಕಾಣುತ್ತವೆ. ಬಹುಪಾಲು ಕೋಶಗಳು ವಿಭಜನೆಗೆ ಕೈಹಾಕಿರುವುದಿಲ್ಲ. ಅವುಗಳ ಕೋಶಕೇಂದ್ರ ದುಂಡಗೆ, ಒಂದೇ ಸಮನೆ ಬಣ್ಣ ಹಿಡಿದು, ನಡುವೆ ಕಿರುಕೋಶಕೇಂದ್ರದ ಚುಕ್ಕೆಯೊಂದಿಗೆ ಇರುತ್ತದೆ. ವಿಭಜಿಸುತ್ತಿರುವ ಕೋಶಗಳಲ್ಲಿ ಹೆಚ್ಚಿನವು ಪೂರ್ವಾವಸ್ಥೆಯಲ್ಲಿರುತ್ತವೆ. ಸಮನಾಗಿದ್ದ ಬಣ್ಣ ಒಡೆದು ಒರಟು ಎಳೆಗಳಾಗಿರುತ್ತದೆ, ಕಿರುಕೋಶಕೇಂದ್ರ ಮಸುಕಾಗುತ್ತಿರುತ್ತದೆ. ಒಂದು ಹಂತದ ಕೋಶಗಳು ಸ್ಲೈಡಿನಲ್ಲಿ ಎಷ್ಟು ಸಿಗುತ್ತವೆ ಎಂಬುದು ಆ ಹಂತ ಎಷ್ಟು ಹೊತ್ತು ನಡೆಯುತ್ತದೆ ಎಂಬುದರ ಅಳತೆ. ಪೂರ್ವಾವಸ್ಥೆಯ ಕೋಶಗಳು ಕಣ್ಣಿಗೆ ಹೆಚ್ಚು ಬೀಳುವುದು ಅದು ದೀರ್ಘವಾಗಿರುವುದರಿಂದ.

ಈರುಳ್ಳಿಯ ವರ್ಣತಂತುಗಳು 16. ದೊಡ್ಡವು, ಎಣಿಕೆಗೆ ಸುಲಭ. ಆದರೆ ಆರಂಭದ ಪೂರ್ವಾವಸ್ಥೆಯಲ್ಲಿ ಅವನ್ನು ಎಣಿಸಲು ಹೋದವರು ಸೋಲುತ್ತಾರೆ. ಎಳೆಗಳ ತುದಿಮೊದಲು ಅಲ್ಲಿ ಕಾಣುವುದಿಲ್ಲ.

2. ಮೊದಲು ಕಂಡವರು

ಈ ಎಳೆಗಳ ಕಥೆಗೆ ಬಣ್ಣದ ಕಾರ್ಖಾನೆಗಳ ಋಣವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯಲ್ಲಿ ಬಟ್ಟೆಗೆಂದು ತಯಾರಾದ ಅನಿಲಿನ್ ಬಣ್ಣಗಳು ಪ್ರಯೋಗಾಲಯಕ್ಕೂ ಬಂದವು. ಕೀಲ್ ವಿಶ್ವವಿದ್ಯಾಲಯದ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳಿಗೆ ಇಂಥ ಬಣ್ಣ ಹಾಕಿ ನೋಡಿದ. ಸಲಮಾಂಡರಿನ ಕೋಶಗಳೂ ದೊಡ್ಡವು, ವರ್ಣತಂತುಗಳೂ ದೊಡ್ಡವು. ಎಳೆಗಳು ದಪ್ಪಗಾಗುವುದು, ಉದ್ದಕ್ಕೆ ಸೀಳಿಕೊಂಡಿರುವುದು, ಸೀಳಿನ ಎರಡು ಭಾಗಗಳು ಎರಡು ದಿಕ್ಕಿಗೆ ಸರಿಯುವುದು, ಎಲ್ಲವನ್ನೂ ಅವನು ಕ್ರಮವಾಗಿ ಚಿತ್ರಿಸಿ 1882ರಲ್ಲಿ ಪುಸ್ತಕ ಮಾಡಿದ. ಮೈಟಾಸಿಸ್ ಎಂಬ ಹೆಸರು ಅವನದೇ. ಎರಡು ವರ್ಷದ ನಂತರ ಸಸ್ಯಗಳಲ್ಲಿ ಇದೇ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಪ್ರೊಫೇಸ್, ಮೆಟಾಫೇಸ್ ಎಂಬ ವಿಂಗಡಣೆಯನ್ನು ತಂದ.

1883ರಲ್ಲಿ ಬೆಲ್ಜಿಯಮ್ಮಿನ ಎಡ್ವರ್ಡ್ ವಾನ್ ಬೆನೆಡೆನ್ ಕುದುರೆಯ ಕರುಳಿನ ಜಂತುಹುಳುವಿನಲ್ಲಿ ಇನ್ನೊಂದು ಸಂಗತಿ ಕಂಡ. ಅಂಡಾಣುವಿನಲ್ಲೂ ವೀರ್ಯಾಣುವಿನಲ್ಲೂ ಇರುವುದು ದೇಹದ ಕೋಶದಲ್ಲಿರುವ ವರ್ಣತಂತುಗಳ ಅರ್ಧದಷ್ಟೇ. ಹಾಗಾದರೆ ಎಲ್ಲೋ ಒಂದು ಕಡೆ ಸಂಖ್ಯೆ ಅರ್ಧಕ್ಕಿಳಿಯುವ ವಿಭಜನೆ ನಡೆಯಲೇಬೇಕು. ಆ ವಿಭಜನೆಯ ಪೂರ್ವಾವಸ್ಥೆ ಮೈಟಾಸಿಸ್‌ನದಕ್ಕಿಂತ ಎಷ್ಟು ಬೇರೆ ಎಂಬುದು ಮುಂದಿನ ಎರಡು ದಶಕಗಳಲ್ಲಿ ಬಯಲಾಯಿತು. ಮೊಲದ ಮತ್ತು ಮನುಷ್ಯರ ಅಂಡಾಶಯಗಳನ್ನು ನೋಡಿ ಹಾನ್ಸ್ ಫಾನ್ ವಿನಿವಾರ್ಟರ್ ಕೊಟ್ಟ ಹೆಸರುಗಳಿಂದ ಬೆಳೆದುಬಂದವೇ ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುವ, ಆ ಪೂರ್ವಾವಸ್ಥೆಯ ಉಪಹಂತಗಳಾದ ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್.

3. ಮೈಟಾಸಿಸ್‌ನಲ್ಲಿ: ಸುತ್ತುವುದು, ಬಿಚ್ಚುವುದು, ಕಾಯುವುದು

ನಮ್ಮ ಒಂದು ಕೋಶದ ಡಿಎನ್‌ಎ ಎಳೆಗಳನ್ನೆಲ್ಲ ಒಂದರ ತುದಿಗೊಂದು ಜೋಡಿಸಿದರೆ ಸುಮಾರು 2 ಮೀಟರ್. ಅದಿರುವ ಕೋಶಕೇಂದ್ರದ ಅಡ್ಡಗಲ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ವಿಭಜನೆಗೆ ಮೊದಲೇ ಪ್ರತಿ ಎಳೆಗೂ ಒಂದು ನಕಲು ತಯಾರಾಗಿರುತ್ತದೆ. ಅಂದರೆ 2 ಮೀಟರು 4 ಆಗಿರುತ್ತದೆ. ನಕಲು ತಯಾರಾಗುವ ಹೊತ್ತಿಗೇ ಅಸಲು ಮತ್ತು ನಕಲನ್ನು ಕೊಹೆಸಿನ್ ಎಂಬ ಪ್ರೋಟೀನ್ ಉಂಗುರಗಳು ಹಿಡಿದು ಕಟ್ಟುತ್ತವೆ. ಹೀಗೆ ಕಟ್ಟಿಸಿಕೊಂಡ ಎರಡು ಪ್ರತಿಗಳನ್ನು ಸೋದರಿ ಎಳೆಗಳು ಎನ್ನುತ್ತಾರೆ.

ಪೂರ್ವಾವಸ್ಥೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮೊದಲನೆಯದು ಸುತ್ತುವುದು. ಕಂಡೆನ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಗುಂಪು ಡಿಎನ್‌ಎಯನ್ನು ಹಿಡಿದು ಕುಣಿಕೆ ಕುಣಿಕೆಯಾಗಿ ಎಳೆದುಕೊಳ್ಳುತ್ತದೆ. ಜಪಾನಿನ ತತ್ಸುಯಾ ಹಿರಾನೊ ಮತ್ತು ಸಂಗಡಿಗರು 1997ರಲ್ಲಿ ಕಪ್ಪೆ ಮೊಟ್ಟೆಯ ಸಾರದಲ್ಲಿ ಇದನ್ನು ಗುರುತಿಸಿದರು. ಕಂಡೆನ್ಸಿನ್ ಎರಡು ಬಗೆ. ಒಂದು ಕೋಶಕೇಂದ್ರದ ಒಳಗೇ ಇದ್ದು ಪೂರ್ವಾವಸ್ಥೆಯಲ್ಲಿ ದೊಡ್ಡ ಕುಣಿಕೆಗಳನ್ನು ಮಾಡುತ್ತದೆ. ಇನ್ನೊಂದು ಹೊರಗೆ ಕಾದಿದ್ದು, ಕೋಶಕೇಂದ್ರದ ಪೊರೆ ಒಡೆದ ಮೇಲೆ ಒಳನುಗ್ಗಿ ದೊಡ್ಡ ಕುಣಿಕೆಗಳೊಳಗೆ ಸಣ್ಣ ಕುಣಿಕೆ ಹಾಕುತ್ತದೆ. ನಮ್ಮ ಒಂದನೇ ವರ್ಣತಂತುವಿನ ಡಿಎನ್‌ಎ ಬಿಡಿಸಿಟ್ಟರೆ ಸುಮಾರು 8.5 ಸೆಂಟಿಮೀಟರ್ ಉದ್ದ. ಅದು ಈ ಎರಡು ಸುತ್ತಿನಲ್ಲಿ ಸಾವಿರಾರು ಪಟ್ಟು ಗಿಡ್ಡವಾಗುತ್ತದೆ.

ಎರಡನೆಯದು ಬಿಚ್ಚುವುದು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ವರ್ಣತಂತುವಿನ ತೋಳುಗಳ ಉದ್ದಕ್ಕೂ ಇದ್ದ ಕೊಹೆಸಿನ್ ಉಂಗುರಗಳಲ್ಲಿ ಹೆಚ್ಚಿನವು ಪೂರ್ವಾವಸ್ಥೆಯಲ್ಲೇ ಕಳಚುತ್ತವೆ. ನಡುವಿನ ಸೆಂಟ್ರೋಮಿಯರ್ ಬಳಿಯ ಉಂಗುರಗಳನ್ನು ಮಾತ್ರ ಶುಗೋಶಿನ್ ಎಂಬ ಪ್ರೋಟೀನ್ ಕಾಯುತ್ತದೆ. ಪುಸ್ತಕಗಳಲ್ಲಿ ವರ್ಣತಂತುವನ್ನು ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಬರೆಯುತ್ತಾರಲ್ಲ, ಆ ಆಕಾರಕ್ಕೆ ಕಾರಣ ಇದೇ. ತೋಳುಗಳಲ್ಲಿ ಕಟ್ಟು ಹೋಗಿದೆ, ನಡುವೆ ಉಳಿದಿದೆ.

ನಡುವಿನ ಕಟ್ಟು ಏಕೆ ಉಳಿಯಬೇಕು? ಮುಂದಿನ ಹಂತದಲ್ಲಿ ಕೋಶದ ಎರಡು ಧ್ರುವಗಳಿಂದ ಕದಿರಿನ ಎಳೆಗಳು ಬಂದು ಸೋದರಿಯರನ್ನು ಹಿಡಿಯುತ್ತವೆ. ಒಬ್ಬಳು ಒಂದು ಧ್ರುವಕ್ಕೂ ಇನ್ನೊಬ್ಬಳು ಎದುರು ಧ್ರುವಕ್ಕೂ ಸಿಕ್ಕಿದ್ದಾಳೋ ಇಲ್ಲವೋ ಎಂಬುದನ್ನು ಕೋಶ ಕಣ್ಣಿಲ್ಲದೆ ತಿಳಿಯಬೇಕು. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಎಳೆದಾಗ ಹಗ್ಗ ಬಿಗಿಯಾಗುತ್ತದೆ. ನಡುವೆ ತುಂಡಾದ ಹಗ್ಗವನ್ನು ಎಷ್ಟು ಎಳೆದರೂ ಬಿಗಿ ಬರದು. ಕೋಶ ಆ ಬಿಗಿಯನ್ನೇ ಗುರುತಾಗಿ ಬಳಸುತ್ತದೆ. ಬಿಗಿ ಬಂದ ಹಿಡಿತ ಉಳಿಯುತ್ತದೆ, ಬಾರದ ಹಿಡಿತ ಕಳಚಿ ಮತ್ತೆ ಪ್ರಯತ್ನ ನಡೆಯುತ್ತದೆ. ಎಲ್ಲವೂ ಸರಿಯಾದ ಮೇಲಷ್ಟೇ ಉಳಿದ ಕೊಹೆಸಿನ್ ಉಂಗುರಗಳು ತುಂಡಾಗಿ ಬೀಳುತ್ತವೆ.

ಪೂರ್ವಾವಸ್ಥೆಗೆ ಇನ್ನೊಂದು ಗುಣವಿದೆ. ಅದರ ಆರಂಭದ ಭಾಗದಲ್ಲಿ ಕೋಶಕ್ಕೆ ವಿಕಿರಣದಂಥ ಪೆಟ್ಟು ಬಿದ್ದರೆ, ಸುತ್ತತೊಡಗಿದ್ದ ಎಳೆಗಳನ್ನು ಬಿಚ್ಚಿ ಹರಡಿ ಅದು ಹಿಂದಕ್ಕೆ ಹೋಗಬಲ್ಲದು. ಕೊನೆಯ ಭಾಗ ದಾಟಿ ಕೋಶಕೇಂದ್ರದ ಪೊರೆ ಒಡೆಯುವ ಹಂತ ಬಂದರೆ ಹಿಂದಿರುಗುವ ಮಾತಿಲ್ಲ.

4. ಮಿಯಾಸಿಸ್‌ನಲ್ಲಿ: ಕತ್ತರಿಸಿ ಕಟ್ಟುವುದು

ಮೈಟಾಸಿಸ್‌ನಲ್ಲಿ ಅಗಲಬೇಕಾದವು ಒಟ್ಟಿಗೇ ಹುಟ್ಟಿದ ಸೋದರಿ ಎಳೆಗಳು. ನಕಲಾಗುವಾಗಲೇ ಅವುಗಳ ಕಟ್ಟು ಬಿದ್ದಿರುತ್ತದೆ. ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಅಗಲಬೇಕಾದವು ತಾಯಿಯಿಂದ ಬಂದ ಒಂದನೇ ವರ್ಣತಂತು ಮತ್ತು ತಂದೆಯಿಂದ ಬಂದ ಒಂದನೇ ವರ್ಣತಂತು. ಇವೆರಡೂ ಅದುವರೆಗೆ ಒಂದಕ್ಕೊಂದು ಕಟ್ಟಿಕೊಂಡವಲ್ಲ. ಕೋಶಕೇಂದ್ರದೊಳಗೆ ಎಲ್ಲೋ ಒಂದು, ಇನ್ನೆಲ್ಲೋ ಒಂದು ಇರುತ್ತವೆ. ನಮ್ಮಲ್ಲಿ ಇಂಥ 23 ಜೋಡಿಗಳು ಒಂದನ್ನೊಂದು ಹುಡುಕಿಕೊಳ್ಳಬೇಕು.

ಹುಡುಕಲು ಕೋಶ ಹಿಡಿದಿರುವ ದಾರಿ ಬೆರಗಿನದು. ಅದು ತನ್ನ ಡಿಎನ್‌ಎಯನ್ನು ತಾನೇ ತುಂಡು ಮಾಡಿಕೊಳ್ಳುತ್ತದೆ. ಬೇರೆ ಯಾವ ಹೊತ್ತಿನಲ್ಲಾದರೂ ಡಿಎನ್‌ಎಯ ಎರಡೂ ಎಳೆ ಒಟ್ಟಿಗೆ ತುಂಡಾದರೆ ಅದು ಕೋಶಕ್ಕೆ ಪ್ರಾಣಾಪಾಯ. ಲೆಪ್ಟೊಟೀನ್ ಹಂತದಲ್ಲಿ ಎಸ್‌ಪಿಒ11 ಎಂಬ ಪ್ರೋಟೀನ್ ಈ ಕೆಲಸವನ್ನು ಬೇಕೆಂದೇ ಮಾಡುತ್ತದೆ. ಯೀಸ್ಟಿನಲ್ಲಿ 1997ರಲ್ಲಿ ಇದು ಖಚಿತವಾಯಿತು. ಇಲಿಯ ಒಂದು ಕೋಶದಲ್ಲಿ 200ರಿಂದ 300 ಕಡೆ ಹೀಗೆ ತುಂಡಾಗುತ್ತದೆ. ತುಂಡಾದ ಜಾಗದಿಂದ ಒಂಟಿ ಎಳೆಯೊಂದು ಹೊರಚಾಚಿ, ತನ್ನಂಥದೇ ಅಕ್ಷರಸಾಲು ಎಲ್ಲಿದೆಯೆಂದು ತಡಕಾಡುತ್ತದೆ. ರಿಪೇರಿಗೆ ಮಾದರಿ ಬೇಕಲ್ಲ, ಆ ಮಾದರಿಯನ್ನು ಅದು ಜೋಡಿ ವರ್ಣತಂತುವಿನಲ್ಲಿ ಹುಡುಕುತ್ತದೆ. ಅದೇ ಹೊತ್ತಿಗೆ ವರ್ಣತಂತುಗಳ ತುದಿಗಳು ಕೋಶಕೇಂದ್ರದ ಪೊರೆಗೆ ಅಂಟಿ, ಹೊರಗಿನ ಎಳೆಗಳ ಎಳೆತಕ್ಕೆ ಸಿಕ್ಕಿ ಅತ್ತಿತ್ತ ಓಡಾಡುತ್ತವೆ. ಹಾಗೆ ಓಡಾಡುವಾಗ ಜೋಡಿಗೆ ಜೋಡಿ ಸಿಗುತ್ತದೆ.

ಝೈಗೊಟೀನ್‌ನಲ್ಲಿ ಸಿಕ್ಕ ಜೋಡಿಗಳ ನಡುವೆ ಪ್ರೋಟೀನಿನ ಪಟ್ಟಿಯೊಂದು ಬೆಳೆಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇದನ್ನು 1956ರಲ್ಲಿ ಮಾಂಟ್ರೋಸ್ ಮೋಸೆಸ್ ಮತ್ತು ಡಾನ್ ಫಾಸೆಟ್ ಬೇರೆ ಬೇರೆಯಾಗಿ ಕಂಡರು. ಪ್ಯಾಕಿಟೀನ್ ಹೊತ್ತಿಗೆ ಜೋಡಿಗಳು ಉದ್ದಕ್ಕೂ ಬೆಸೆದುಕೊಂಡಿರುತ್ತವೆ. ತುಂಡಾದ ಜಾಗಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ರಿಪೇರಿಯಾಗುತ್ತವೆ. ಕೆಲವೇ ಕಡೆ, ಇಲಿಯಲ್ಲಾದರೆ ಸುಮಾರು 25 ಕಡೆ, ತಾಯಿಯ ಎಳೆ ತಂದೆಯ ಎಳೆಗೂ ತಂದೆಯದು ತಾಯಿಯದಕ್ಕೂ ಅದಲುಬದಲಾಗಿ ಸೇರುತ್ತದೆ. ಇದೇ ಕ್ರಾಸಿಂಗ್ ಓವರ್. ಡಿಪ್ಲೊಟೀನ್‌ನಲ್ಲಿ ನಡುವಿನ ಪಟ್ಟಿ ಕಳಚಿದಾಗ ಜೋಡಿಗಳು ದೂರ ಸರಿಯುತ್ತವೆ, ಅದಲುಬದಲಾದ ಜಾಗಗಳಲ್ಲಿ ಮಾತ್ರ ಅಂಟಿಕೊಂಡಿರುತ್ತವೆ. ಬೆಲ್ಜಿಯಮ್ಮಿನ ಪಾದ್ರಿ ಮತ್ತು ವಿಜ್ಞಾನಿ ಫ್ರಾನ್ಸ್ ಯಾನ್ಸೆನ್ಸ್ 1909ರಲ್ಲಿ ಈ ಅಡ್ಡಗಂಟುಗಳನ್ನು ನೋಡಿ, ಇಲ್ಲಿ ಎಳೆಗಳು ತುಂಡಾಗಿ ಬದಲಾಗಿ ಕೂಡಿರಬೇಕು ಎಂದ. ತಳಿವಿಜ್ಞಾನಿ ಮಾರ್ಗನ್ ತನ್ನ ಹಣ್ಣಿನ ನೊಣಗಳ ಲೆಕ್ಕಕ್ಕೆ ಅದನ್ನೇ ಆಧಾರ ಮಾಡಿಕೊಂಡ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದ ಒಂಬತ್ತನೇ ವರ್ಣತಂತುವಿನಲ್ಲಿ ಗುಣ ಬದಲಾದಾಗ ವರ್ಣತಂತುವಿನ ತುಂಡೂ ಬದಲಾಗಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸಿದರು.

ಕ್ರಾಸಿಂಗ್ ಓವರ್ ಏಕೆ ಎಂದು ಕೇಳಿದರೆ ವೈವಿಧ್ಯಕ್ಕಾಗಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಸರಿಯೇ, ಆದರೆ ಅದರ ಲಾಭ ಸಿಗುವುದು ಮುಂದಿನ ತಲೆಮಾರುಗಳಿಗೆ. ಈ ಕೋಶಕ್ಕೆ, ಈ ವಿಭಜನೆಗೆ ಬೇಕಾದದ್ದು ಗಂಟು. ಜೋಡಿಗಳು ಗಂಟುಬಿದ್ದಿದ್ದರಷ್ಟೇ ಎರಡು ಧ್ರುವಗಳ ನಡುವೆ ಬಿಗಿ ಬರಲು ಸಾಧ್ಯ. ಅಮೆರಿಕದ ಬ್ರೂಸ್ ನಿಕ್ಲಸ್ ಇದನ್ನು 1969ರಲ್ಲಿ ಮಿಡತೆಯ ವೃಷಣದ ಕೋಶಗಳಲ್ಲಿ ತೋರಿಸಿದ. ಜೀವಂತ ಕೋಶದೊಳಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿ ಇಳಿಸಿ, ಜೋಡಿಯ ಎರಡೂ ಭಾಗಗಳು ಒಂದೇ ಧ್ರುವಕ್ಕೆ ಸಿಕ್ಕಿಕೊಳ್ಳುವ ಹಾಗೆ ಮಾಡಿದ. ಸುಮ್ಮನೆ ಬಿಟ್ಟಾಗ ಆ ತಪ್ಪು ಹಿಡಿತ ಕಳಚಿ ತಾನಾಗಿ ಸರಿಹೋಯಿತು. ಸೂಜಿಯಿಂದ ಎದುರು ದಿಕ್ಕಿಗೆ ಜಗ್ಗಿ ಹಿಡಿದಾಗ ತಪ್ಪು ಹಿಡಿತವೇ ಗಟ್ಟಿಯಾಗಿ ನಿಂತಿತು. ಕೋಶ ನಂಬುವುದು ಬಿಗಿಯನ್ನು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಗಂಡಸಿನ ಎಕ್ಸ್ ಮತ್ತು ವೈ ವರ್ಣತಂತುಗಳನ್ನೇ ನೋಡಿ. ಇವು ಬಹುತೇಕ ಬೇರೆಯೇ ಆಗಿಹೋಗಿವೆ. ಮುಖ್ಯವಾಗಿ ತುದಿಯ ಚಿಕ್ಕ ಭಾಗವೊಂದು, ಹೆಚ್ಚೆಂದರೆ 27 ಲಕ್ಷ ಅಕ್ಷರಗಳಷ್ಟು, ಇನ್ನೂ ಒಂದೇ ರೀತಿ ಉಳಿದಿದೆ. ಅಷ್ಟು ಕಿರಿದಾದ ಜಾಗದಲ್ಲಿ ಪ್ರತಿ ಬಾರಿಯೂ ಒಂದು ಗಂಟು ಬಿದ್ದೇ ಬೀಳುವ ಹಾಗೆ ಕೋಶ ನೋಡಿಕೊಳ್ಳುತ್ತದೆ.

5. ಗಂಟು ಬೀಳದಿದ್ದರೆ

ನಂಜನಗೂಡು ರಸಬಾಳೆಯನ್ನು ಅಡ್ಡಕ್ಕೆ ಕೊಯ್ದು ನೋಡಿ. ತಿರುಳಿನ ನಡುವೆ ಕಪ್ಪು ಚುಕ್ಕೆಗಳ ಸಾಲುಗಳಿರುತ್ತವೆ. ಬೀಜವಾಗಬೇಕಿದ್ದು ಆಗದೆ ಉಳಿದ ಅಂಡಕಗಳು ಅವು. ಬಾಳೆಯ ಮೂಲ ವರ್ಣತಂತು ಸಂಖ್ಯೆ 11. ಕಾಡುಬಾಳೆಯಲ್ಲಿ ಅದು ಎರಡು ಗುಂಪು, ಒಟ್ಟು 22. ಕಾಯಿ ತುಂಬ ಕಲ್ಲಿನಂಥ ಬೀಜ. ರಸಬಾಳೆಯಲ್ಲಿ ಮೂರು ಗುಂಪು, ಒಟ್ಟು 33. ಪೂರ್ವಾವಸ್ಥೆಯಲ್ಲಿ ಜೋಡಿ ಹುಡುಕುವಾಗ ಎರಡಕ್ಕೆ ಸಂಗಾತಿ ಸಿಕ್ಕರೆ ಮೂರನೆಯದು ಒಂಟಿ. ಮೂರೂ ಒಟ್ಟಿಗೆ ತೊಡಕಿಕೊಳ್ಳುವುದೂ ಉಂಟು. ಮುಂದೆ ಯಾವುದು ಯಾವ ಧ್ರುವಕ್ಕೆ ಹೋಗಬೇಕೆಂಬ ಲೆಕ್ಕವೇ ತಪ್ಪುತ್ತದೆ. ಪರಾಗ, ಅಂಡಾಣು ಬಹುಪಾಲು ಕೆಡುತ್ತವೆ. ಬಾಳೆಗೆ ಬೀಜವಿಲ್ಲದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ತಿನ್ನುವವರಿಗೆ ಇದು ಅನುಕೂಲ. ಬೆಳೆಯುವವರು ಅದಕ್ಕೆ ಬೆಲೆ ತೆರುತ್ತಾರೆ. ಬೀಜವಿಲ್ಲದ ಗಿಡವನ್ನು ಕಂದಿನಿಂದಲೇ ಬೆಳೆಸಬೇಕು. ಕಂದು ಹುಟ್ಟುವುದು ಮೈಟಾಸಿಸ್‌ನಿಂದ. ತೋಟದ ಗಿಡಗಳೆಲ್ಲ ಒಂದೇ ಅಚ್ಚು. ಪನಾಮಾ ಸೊರಗು ರೋಗ ಮಣ್ಣಿಗೆ ಬಂದಾಗ ತಡೆದುಕೊಳ್ಳುವ ಗಿಡ ಆ ತೋಟದಲ್ಲಿ ಒಂದೂ ಇರುವುದಿಲ್ಲ. ನಂಜನಗೂಡಿನ ಸುತ್ತ ರಸಬಾಳೆ ತೋಟಗಳು ಬರಿದಾದದ್ದು ಹೀಗೆ.

ಹಾಗಾದರೆ ಕ್ರಾಸಿಂಗ್ ಓವರ್ ಇಲ್ಲದೆ ಮಿಯಾಸಿಸ್ ನಡೆಯುವುದೇ ಇಲ್ಲವೇ? ನಡೆಯುತ್ತದೆ, ಬೇರೆ ಕಟ್ಟು ಸಿಕ್ಕರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತಲೆಮಾರುಗಳಿಂದ ಅಧ್ಯಯನವಾಗುತ್ತಿರುವ ಹಣ್ಣಿನ ನೊಣಗಳ ಕುಲದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ ಗಂಡಿಗೆ ಕ್ರಾಸಿಂಗ್ ಓವರ್ ಇಲ್ಲ. ಅದರ ಜೋಡಿಗಳನ್ನು ಹಿಡಿದಿಡಲು ಬೇರೆಯೇ ಪ್ರೋಟೀನುಗಳಿವೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಕೊಡುವ ರೇಷ್ಮೆ ಹುಳುವಿನಲ್ಲಿ ಇದು ತಿರುಗುಮುರುಗು. ಅಲ್ಲಿ ಹೆಣ್ಣು ಪತಂಗಕ್ಕೆ ಕ್ರಾಸಿಂಗ್ ಓವರ್ ಇಲ್ಲ. ಇತರ ಜೀವಿಗಳಲ್ಲಿ ಡಿಪ್ಲೊಟೀನ್ ಹೊತ್ತಿಗೆ ಕಳಚಿಹೋಗುವ ಆ ನಡುವಿನ ಪಟ್ಟಿ ಅದರಲ್ಲಿ ರೂಪ ಬದಲಿಸಿಕೊಂಡು ಉಳಿಯುತ್ತದೆ, 28 ಜೋಡಿಗಳನ್ನೂ ವಿಭಜನೆಯ ಗಳಿಗೆಯವರೆಗೆ ಹಿಡಿದಿರುತ್ತದೆ. ಹೀಗಾಗಿ ತಾಯಿ ಪತಂಗದ ಒಂದೊಂದು ವರ್ಣತಂತುವೂ ಇಡಿಯಾಗಿಯೇ ಮರಿಗೆ ಹೋಗುತ್ತದೆ. ಅದಲುಬದಲು ಬಿಟ್ಟ ಜೀವಿಗಳು ಕೂಡ ಕಟ್ಟನ್ನು ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು.

6. ದಶಕಗಳ ಪೂರ್ವಾವಸ್ಥೆ

ಈಗ ಮನುಷ್ಯರ ವಿಚಾರ. ಗಂಡಸರಲ್ಲಿ ಮಿಯಾಸಿಸ್ ಹರೆಯದಲ್ಲಿ ಶುರುವಾಗಿ ನಿರಂತರ ನಡೆಯುತ್ತದೆ. ಒಂದು ಕೋಶಕ್ಕೆ ಪೂರ್ವಾವಸ್ಥೆ ದಾಟಲು ಮೂರು ವಾರಕ್ಕೂ ಹೆಚ್ಚು ಕಾಲ ಬೇಕು. ಹೆಂಗಸರ ಲೆಕ್ಕವೇ ಬೇರೆ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದರ ಅಂಡಾಶಯದಲ್ಲಿ ಮಿಯಾಸಿಸ್ ಆರಂಭವಾಗುತ್ತದೆ. ಐದನೇ ತಿಂಗಳ ಹೊತ್ತಿಗೆ ಅಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ತುಂಡಾಗುವುದು, ಹುಡುಕುವುದು, ಗಂಟು ಬೀಳುವುದು, ಎಲ್ಲ ಆಗಲೇ ನಡೆಯುತ್ತದೆ. ಹುಟ್ಟುವ ಹೊತ್ತಿಗೆ ಉಳಿದಿರುವ 10ರಿಂದ 20 ಲಕ್ಷ ಕೋಶಗಳು ಡಿಪ್ಲೊಟೀನ್‌ನಲ್ಲಿ ತಟಸ್ಥವಾಗಿ ನಿಲ್ಲುತ್ತವೆ. ಆಮೇಲೆ ತಿಂಗಳಿಗೊಂದರಂತೆ, ಜೀವಮಾನದಲ್ಲಿ ನಾನೂರರಿಂದ ಐನೂರು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತವೆ. ನಲವತ್ತರ ಹರೆಯದಲ್ಲಿ ಬಿಡುಗಡೆಯಾಗುವ ಅಂಡಾಣು ನಲವತ್ತು ವರ್ಷ ಪೂರ್ವಾವಸ್ಥೆಯಲ್ಲೇ ಕಾದದ್ದು.

ಅಷ್ಟು ವರ್ಷ ಆ ಗಂಟನ್ನು ಹಿಡಿದಿಡುವುದು ಸೋದರಿ ಎಳೆಗಳ ತೋಳುಗಳಲ್ಲಿರುವ ಕೊಹೆಸಿನ್ ಉಂಗುರಗಳು. ಇಲಿಗಳಲ್ಲಿ ನಡೆದ ಪ್ರಯೋಗಗಳ ಪ್ರಕಾರ ಭ್ರೂಣದ ಕಾಲದಲ್ಲಿ ತೊಡಿಸಿದ ಉಂಗುರಗಳೇ ಕೊನೆತನಕ. ಆಮೇಲೆ ಹೊಸದು ಬಂದು ಸೇರುವುದಿಲ್ಲ. ವರ್ಷ ಕಳೆದಂತೆ ಅವು ಒಂದೊಂದಾಗಿ ಕಳಚುತ್ತವೆ. ಉಂಗುರ ಕಡಿಮೆಯಾದರೆ ಗಂಟು ಜಾರುತ್ತದೆ. ಗಂಟು ಜಾರಿದ ಜೋಡಿಗೆ ಬಿಗಿ ಬರುವುದಿಲ್ಲ, ಎರಡೂ ಒಂದೇ ಧ್ರುವಕ್ಕೆ ಹೋಗಬಹುದು.

21ನೇ ವರ್ಣತಂತುವಿಗೆ ಹೀಗಾದಾಗ ಹುಟ್ಟುವ ಮಗುವಿನಲ್ಲಿ ಅದರ ಪ್ರತಿ ಮೂರು. ಡೌನ್ ಸಿಂಡ್ರೋಮಿನ ಕಾರಣ ಇದೆಂದು 1959ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೇ, ರೇಮಂಡ್ ತುರ್ಪಾ ಪ್ರಕಟಿಸಿದರು. ತಾಯಿಗೆ ಇಪ್ಪತ್ತರ ಆಸುಪಾಸಿನಲ್ಲಿ ಇಂಥ ಮಗು ಹುಟ್ಟುವ ಸಾಧ್ಯತೆ ಸುಮಾರು 1,500ಕ್ಕೆ ಒಂದು, ಮೂವತ್ತೈದರಲ್ಲಿ ಸುಮಾರು 350ಕ್ಕೆ ಒಂದು, ನಲವತ್ತರಲ್ಲಿ ಸುಮಾರು 100ಕ್ಕೆ ಒಂದು. ಆದರೆ ಹೆಚ್ಚಿನ ಹೆರಿಗೆಗಳು ಕಿರಿಯ ತಾಯಂದಿರವೇ ಆದ್ದರಿಂದ ಇಂಥ ಮಕ್ಕಳನ್ನು ಹೆತ್ತ ಅನೇಕರು ಕಿರಿಯರೇ. ಅವರ ವಿಷಯದಲ್ಲಿ ಸಂಶೋಧಕರು ಕಂಡದ್ದೂ ನಮ್ಮ ಮಾತಿಗೆ ಹೊಂದುತ್ತದೆ. ಹಲವು ಪ್ರಕರಣಗಳಲ್ಲಿ 21ನೇ ಜೋಡಿಯಲ್ಲಿ ಗಂಟೇ ಬಿದ್ದಿರಲಿಲ್ಲ, ಇಲ್ಲವೇ ತೀರಾ ತುದಿಯಲ್ಲಿ ಬಿದ್ದಿತ್ತು.

ಇನ್ನು ಕೊನೆಯ ಮಾತು, ಇದು ವಿಶೇಷವಾಗಿ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ, ನಮ್ಮಂಥ ಮೇಷ್ಟ್ರುಗಳಿಗೆ. ಇಂಥ ಮಗು ಹುಟ್ಟಿದ ಮನೆಗಳಲ್ಲಿ ತಪ್ಪು ಯಾರದೆಂಬ ವಿಚಾರಣೆ ಮೊದಲು ನಡೆಯುತ್ತದೆ, ಅದು ಬಂದು ನಿಲ್ಲುವುದು ತಾಯಿಯ ಬಳಿ. ಗ್ರಹಣದ ದಿನ ಹೊರಗೆ ಬಂದಳು, ಈಳಿಗೆ ಮುಟ್ಟಿದಳು, ಬಸುರಿನಲ್ಲಿ ಬೇಡವೆಂದದ್ದನ್ನು ತಿಂದಳು. ಪೂರ್ವಾವಸ್ಥೆಯನ್ನು ಅರಿತವರು ಇದಕ್ಕೆ ಉತ್ತರ ಕೊಡಬಲ್ಲರು. ಮೂರನೇ ಪ್ರತಿ ಸೇರಿಕೊಳ್ಳುವುದು ಬಹುಪಾಲು ಪ್ರಕರಣಗಳಲ್ಲಿ ಅಂಡಾಣು ತಯಾರಾಗುವಾಗ, ಅಂದರೆ ಬಸುರು ನಿಲ್ಲುವ ಮೊದಲು. ಆ ಗಂಟು ಬಿದ್ದದ್ದೋ ಬೀಳದೆ ಹೋದದ್ದೋ ಅದಕ್ಕೂ ದಶಕಗಳ ಹಿಂದೆ, ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ. ಒಂಬತ್ತು ತಿಂಗಳಲ್ಲಿ ಆಕೆ ಮಾಡಿದ, ಮಾಡದೆ ಬಿಟ್ಟ ಯಾವುದಕ್ಕೂ ಅಲ್ಲಿ ಪಾತ್ರವಿಲ್ಲ.

ತರಗತಿಯಲ್ಲಿ ಉಪಹಂತಗಳ ಚಿತ್ರ ಬರೆಸಿ ಮುಗಿಸುವ ಬದಲು, ಪ್ರತಿ ಹಂತದಲ್ಲೂ ಈ ಕಟ್ಟು ತಪ್ಪಿದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳುವ ಅಭ್ಯಾಸ ನಮಗೆ ಬರಲಿ. ಆ ಮಕ್ಕಳಲ್ಲಿ ಕೆಲವರಾದರೂ ಮುಂದೊಂದು ದಿನ ಯಾವುದೋ ಆಸ್ಪತ್ರೆಯ ವಾರ್ಡಿನಲ್ಲಿ, ಗಂಡನೂ ಅತ್ತೆ ಮಾವನೂ ಎದುರಿಗಿರುವಾಗಲೇ, ಇದು ನಿನ್ನ ತಪ್ಪಲ್ಲಮ್ಮ ಎಂದು ಕಾರಣ ಸಮೇತ ಹೇಳಬಲ್ಲವರಾಗುತ್ತಾರೆ.